ಹತ್ತನೇ ಕ್ಲಾಸಿನ ವಿಜ್ಞಾನದ ಅಂಕ ಪಿಯು ಜೀವಶಾಸ್ತ್ರದ ಬಗ್ಗೆ ಏನು ಹೇಳುತ್ತದೆ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದು ಎರಡು ದಿನ ಆಗಿತ್ತು. ಉಡುಪಿ ಹತ್ತಿರದ ಕಟಪಾಡಿಯಲ್ಲಿ ನಮ್ಮ ಪಕ್ಕದ ಮನೆಯವರು ಮಲ್ಲಿಗೆ ಬೆಳೆಯುವವರು. ಬೆಳಿಗ್ಗೆ ಹೂ ಕಟ್ಟಿ, ಅಟ್ಟೆ (ಮಾರಾಟದ ಹೂವಿನ ಕಟ್ಟು) ಕಳಿಸಿ ಆದ ಮೇಲೆ ಅಮ್ಮ, ಮಗಳು ಇಬ್ಬರೂ ನಮ್ಮ ಜಗಲಿಗೆ ಬಂದರು. ಅಮ್ಮನ ಕೈಯಲ್ಲಿ ಮೊಬೈಲ್, ಅದರಲ್ಲಿ ಅಂಕಪಟ್ಟಿ. "ವಿಜ್ಞಾನದಲ್ಲಿ 71 ಬಂದದ್ದು. ಇವಳಿಗೆ ಪಿಸಿಎಂಬಿ ಬೇಕಂತೆ. ಬಯಾಲಜಿ ಇವಳಿಂದ ಆಗ್ತದಾ?" ಪಿಸಿಎಂಬಿ ಎಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ.

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು. ಪ್ರತಿ ವರ್ಷ ಮೇ ತಿಂಗಳಲ್ಲಿ ಈ ಪ್ರಶ್ನೆ ಬರುತ್ತದೆ. ಕಾಲೇಜಿನ ಅರ್ಜಿ ತುಂಬಲು ನಾಲ್ಕೈದು ದಿನ ಇರುತ್ತದೆ ಅಷ್ಟೆ. ಅಷ್ಟರೊಳಗೆ ಒಂದು ಅಂಕಿಯನ್ನು ನೋಡಿ ಮಗುವಿನ ಮುಂದಿನ ಎರಡು ವರ್ಷವನ್ನು ಊಹಿಸಬೇಕು. ಆ ಅಂಕಿ ನಿಜವಾಗಿ ಎಷ್ಟು ಹೇಳುತ್ತದೆ, ಎಲ್ಲಿಗೆ ಅದರ ಮಾತು ಮುಗಿಯುತ್ತದೆ ಎಂದು ಬಿಡಿಸಿ ನೋಡೋಣ.

ಆ 71ರ ಒಳಗೆ ಏನೇನಿದೆ

ವಿಜ್ಞಾನದ 100 ಅಂಕದಲ್ಲಿ 80 ಲಿಖಿತ ಪರೀಕ್ಷೆಯದ್ದು, 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಆಂತರಿಕ ಅಂಕದಲ್ಲಿ ಮಕ್ಕಳೆಲ್ಲ ಹತ್ತಿರ ಹತ್ತಿರವೇ ಇರುತ್ತಾರೆ. ಎಲ್ಲರೂ ಒಂದೇ ಕಡೆ ನಿಂತಿದ್ದರೆ ಯಾರು ಮುಂದೆ, ಯಾರು ಹಿಂದೆ ಎಂದು ಹೇಳಲು ಆಗುವುದಿಲ್ಲ. ಹಾಗಾಗಿ ಊಹೆಗೆ ಆ 20 ಅಷ್ಟೇನೂ ನೆರವಾಗುವುದಿಲ್ಲ.

ಉಳಿದ 80ರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಇವೆ. ಜೀವಶಾಸ್ತ್ರದ ಪಾಲು ಸುಮಾರು ಮೂರನೇ ಒಂದು. ಅಂಕಪಟ್ಟಿಯಲ್ಲಿ ಮಾತ್ರ ಮೂರೂ ಕಲಸಿ ಒಂದೇ ಅಂಕಿ ಬರುತ್ತದೆ.

ಇಬ್ಬರು ಮಕ್ಕಳನ್ನು ಕಲ್ಪಿಸಿಕೊಳ್ಳಿ. ಇಬ್ಬರಿಗೂ 80ರಲ್ಲಿ 64. ಒಬ್ಬಳು ಕಳೆದುಕೊಂಡ 16 ಅಂಕದಲ್ಲಿ 13 ಭೌತಶಾಸ್ತ್ರದ್ದು. ಲೆನ್ಸ್ ಮತ್ತು ವಿದ್ಯುತ್ತಿನ ಲೆಕ್ಕದಲ್ಲಿ ಎಡವಿದಳು. ಇನ್ನೊಬ್ಬ ಕಳೆದುಕೊಂಡ 16ರಲ್ಲಿ 13 ಜೀವಶಾಸ್ತ್ರದ್ದು. ಹೃದಯದ ಚಿತ್ರ ಬಿಡಿಸಿದ, ಭಾಗಗಳನ್ನು ಗುರುತಿಸಲಿಲ್ಲ. ಅಂಕಪಟ್ಟಿ ನೋಡಿದರೆ ಇಬ್ಬರೂ ಒಂದೇ. ಪಿಯು ಜೀವಶಾಸ್ತ್ರದ ಮಟ್ಟಿಗೆ ಇಬ್ಬರೂ ಒಂದೇ ಅಲ್ಲ, ಅಲ್ವಾ?

ಇನ್ನೂ ಕೆಳಗಿನ ತರಗತಿಗೆ ಹೋದರೆ ಅಂಕದ ಬದಲು ಶ್ರೇಣಿ ಸಿಗುತ್ತದೆ. ಅಲ್ಲಿ 70 ಪಡೆದ ಮಗುವಿಗೂ 'ಎ', 89 ಪಡೆದ ಮಗುವಿಗೂ 'ಎ'. ನಡುವಿನ 19 ಅಂಕ ಮಾಯ. ಶ್ರೇಣಿಯಿಂದ ಮಕ್ಕಳಿಗೆ ಪೈಪೋಟಿಯ ಒತ್ತಡ ಕಮ್ಮಿಯಾಗುತ್ತದೆ, ಅದು ಒಳ್ಳೆಯದೇ. ಆದರೆ ಅದನ್ನಿಟ್ಟುಕೊಂಡು ಮುಂದಿನದನ್ನು ಊಹಿಸಲು ಹೊರಟರೆ ಅಳತೆಪಟ್ಟಿಯ ಗೆರೆಗಳೇ ಅಳಿಸಿಹೋದ ಹಾಗೆ.

ಹಳೆಯ ಕಲಿಕೆ ಮುಂದಿನದಕ್ಕೆ ಯಾಕೆ ಸುಳಿವು ಕೊಡುತ್ತದೆ

ಸುಳಿವು ಕೊಡುವುದು ನಿಜ. ಮುರಕಲ್ಲಿನ ಗೋಡೆಯಂತೆ ಜೀವಶಾಸ್ತ್ರವೂ ವರಿಸೆ ವರಿಸೆಯಾಗಿ ಏಳುತ್ತದೆ. ಎಂಟು, ಒಂಬತ್ತರಲ್ಲಿ ಜೀವಕೋಶ. ಹತ್ತರಲ್ಲಿ ಅನುವಂಶೀಯತೆ. ಪ್ರಥಮ ಪಿಯುಸಿಯಲ್ಲಿ ಕೋಶ ವಿಭಜನೆ. ದ್ವಿತೀಯ ಪಿಯುಸಿಯಲ್ಲಿ ಮತ್ತೆ ಅನುವಂಶೀಯತೆ, ಈ ಸಲ ಡಿಎನ್‌ಎ ಜೊತೆ. ಕೆಳಗಿನ ಒಂದು ವರಿಸೆ ಸಡಿಲ ಇದ್ದರೆ ಮೇಲಿನದು ಕೂರುವುದಿಲ್ಲ.

ಹತ್ತಿರದಿಂದ ಒಂದು ಉದಾಹರಣೆ ನೋಡಿ. ಹತ್ತನೇ ಪುಸ್ತಕದಲ್ಲಿ ಮೆಂಡಲನ ಬಟಾಣಿ ಗಿಡ ಬರುತ್ತದೆ. ಎತ್ತರವನ್ನು ನಿರ್ಧರಿಸುವ ಅಂಶಕ್ಕೆ ಗುರುತು ಟಿ ಎಂಬ ಇಂಗ್ಲಿಷ್ ಅಕ್ಷರ: ಎತ್ತರದ ಗಿಡಕ್ಕೆ ಎರಡು ದೊಡ್ಡ ಟಿ, ಕುಳ್ಳ ಗಿಡಕ್ಕೆ ಎರಡು ಚಿಕ್ಕ ಟಿ. ಎರಡನ್ನೂ ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ಎಲ್ಲವೂ ಎತ್ತರ. ಆ ಗಿಡಗಳಲ್ಲಿ ಸ್ವಕೀಯ ಪರಾಗಸ್ಪರ್ಶ ಆದರೆ ಎರಡನೇ ಪೀಳಿಗೆಯಲ್ಲಿ ಮೂರು ಪಾಲು ಎತ್ತರ, ಒಂದು ಪಾಲು ಕುಳ್ಳ. ನಾಲ್ಕು ಮನೆಯ ಚೌಕ ಹಾಕಿ ಅಕ್ಷರ ತುಂಬಿದರೆ ಉತ್ತರ ರೆಡಿ. ಇದನ್ನು ಬಾಯಿಪಾಠ ಮಾಡಿ ಬರೆದರೂ ಪೂರ್ತಿ ಅಂಕ ಸಿಗುತ್ತದೆ.

ಪ್ರಥಮ ಪಿಯುಸಿಯ ಮೊದಲ ವಾರದಲ್ಲಿ ನಾನು ಮಕ್ಕಳನ್ನು ಕೇಳುತ್ತಿದ್ದೆ: "ಗಿಡದಲ್ಲಿ ಎರಡು ಟಿ ಇವೆ. ಚೌಕದ ಅಂಚಿನಲ್ಲಿ ಒಂದೊಂದೇ ಟಿ ಬರೆಯುತ್ತೀರಿ. ಯಾಕೆ ಒಂದೇ?" ವಿಜ್ಞಾನದಲ್ಲಿ 95 ತೆಗೆದವರೂ ಎಷ್ಟೋ ಸಲ ಸುಮ್ಮನಾಗುತ್ತಿದ್ದರು. ಉತ್ತರ ಸರಳ. ಅಂಚಿನಲ್ಲಿ ಇರುವುದು ಗಿಡ ಅಲ್ಲ, ಅದರ ಲಿಂಗಾಣು. ಲಿಂಗಾಣು ಆಗುವಾಗ ಜೋಡಿಯಲ್ಲಿ ಒಂದು ಮಾತ್ರ ಹೋಗುತ್ತದೆ. ನಮ್ಮ ದೇಹದ ಕೋಶದಲ್ಲಿ ಅಂಥ ಅಂಶಗಳನ್ನು ಹೊತ್ತ 46 ಕ್ರೋಮೋಸೋಮ್, ಅಂಡಾಣು ಮತ್ತು ವೀರ್ಯಾಣುವಿನಲ್ಲಿ 23. ಇದು ತಿಳಿದ ಮಗುವಿಗೆ ಪಿಯುಸಿಯ ಮಿಯಾಸಿಸ್, ಅಂದರೆ ಲಿಂಗಾಣು ಮಾಡುವ ಕೋಶ ವಿಭಜನೆಯ ಪಾಠ ಹಳೆಯ ಗೆಳೆಯ ಸಿಕ್ಕ ಹಾಗೆ. ತಿಳಿಯದ ಮಗು ಅದನ್ನು ಹೊಸದಾಗಿ ಉರು ಹೊಡೆಯಬೇಕು.

ಅಂದರೆ ಮುಂದಕ್ಕೆ ದಾರಿ ಮಾಡುವುದು ಹಿಂದಿನ ತಿಳಿವಳಿಕೆ. ಅಂಕ ಆ ತಿಳಿವಳಿಕೆಯ ಒಂದು ಅಂದಾಜು ಮಾತ್ರ. ಓದುವ ಅಭ್ಯಾಸ, ಪರೀಕ್ಷೆಯಲ್ಲಿ ಸಮಯ ಹಂಚಿಕೊಳ್ಳುವ ರೂಢಿ, ಮನೆಯ ವಾತಾವರಣ ಇವೂ ಎರಡೂ ಹಂತದಲ್ಲಿ ಹೆಚ್ಚುಕಮ್ಮಿ ಹಾಗೇ ಮುಂದುವರಿಯುತ್ತವೆ. ಅಂಕಗಳ ನಡುವೆ ನಂಟು ಕಾಣಲು ಅವೂ ಕಾರಣ.

ಈ ಪ್ರಶ್ನೆ ನಮ್ಮೂರಿನದ್ದು ಮಾತ್ರ ಅಲ್ಲ. ನೈಜೀರಿಯಾದಲ್ಲಿ ಪ್ರೌಢಶಿಕ್ಷಣ ಮೂರು ವರ್ಷ ಕಿರಿಯ ಹಂತ, ಮೂರು ವರ್ಷ ಹಿರಿಯ ಹಂತ ಎಂದು ಎರಡಾಗಿದೆ. ಕಿರಿಯ ಹಂತದಲ್ಲಿ ವಿಜ್ಞಾನ ಒಂದೇ ವಿಷಯ. ಹಿರಿಯ ಹಂತದಲ್ಲಿ ಜೀವಶಾಸ್ತ್ರ ಬೇರೆಯಾಗುತ್ತದೆ. ಮೊದಲಿನ ಗ್ರೇಡ್ ನೋಡಿ ನಂತರದ ಜೀವಶಾಸ್ತ್ರವನ್ನು ಹೇಳಬಹುದೇ ಎಂದು ಅಲ್ಲಿನ ಸಂಶೋಧಕರೂ ಕೇಳಿದ್ದಾರೆ. ನಮ್ಮ ಹತ್ತು ಮತ್ತು ಪಿಯು ನಡುವೆ ಇರುವ ಬೆಸುಗೆಯ ಹಾಗೇ ಅದು.

ಊಹೆಗೆ ಎಷ್ಟು ಬಲ? ರೆಡ್ ಅಲರ್ಟ್ ನೆನಪಿಸಿಕೊಳ್ಳಿ

ಕರಾವಳಿಯಲ್ಲಿ ಜೂನ್, ಜುಲೈ ಬಂದರೆ ಹವಾಮಾನ ಇಲಾಖೆಯ ಅಲರ್ಟ್, ಜಿಲ್ಲಾಧಿಕಾರಿಗಳ ರಜೆ. ಕೆಲವು ದಿನ ರಜೆ ಘೋಷಣೆ ಆದ ಮೇಲೆ ಫಳಫಳ ಬಿಸಿಲು. ಹಾಗಂತ ಮುನ್ಸೂಚನೆ ಸುಳ್ಳಾ? ಅಲ್ಲ. ಅಲರ್ಟ್ ಇದ್ದ ಎಲ್ಲಾ ದಿನಗಳನ್ನು ಒಂದು ಕಡೆ, ಇಲ್ಲದ ದಿನಗಳನ್ನು ಇನ್ನೊಂದು ಕಡೆ ಇಟ್ಟು ನೋಡಿದರೆ ಮೊದಲ ಗುಂಪಿನಲ್ಲಿ ಮಳೆ ಜಾಸ್ತಿ ಇರುತ್ತದೆ. ಆದರೆ ನಾಳೆ ಎಂಬ ಒಂದು ದಿನದ ಬಗ್ಗೆ ಅದು ಖಾತರಿ ಕೊಡುವುದಿಲ್ಲ. ಅಂಕವೂ ಹಾಗೆ. ಗುಂಪಿನ ಬಗ್ಗೆ ಚೆನ್ನಾಗಿ ಮಾತಾಡುತ್ತದೆ, ಒಂದು ಮಗುವಿನ ಬಗ್ಗೆ ತಡವರಿಸುತ್ತದೆ.

ಎಷ್ಟು ತಡವರಿಸುತ್ತದೆ ಎಂದು ಅಳೆಯಲು ಒಂದು ಅಂಕಿ ಇದೆ. ಅದರ ಹೆಸರು ಸಹಸಂಬಂಧ ಗುಣಾಂಕ. ಹೆಸರು ಭಾರ, ವಿಷಯ ಹಗುರ. ಎರಡು ಅಳತೆಗಳು ಎಷ್ಟು ಜೊತೆಯಾಗಿ ಏರುತ್ತವೆ, ಇಳಿಯುತ್ತವೆ ಎಂದು ಅದು ಹೇಳುತ್ತದೆ. 1 ಎಂದರೆ ಪೂರ್ತಿ ಜೊತೆ. 0 ಎಂದರೆ ನಂಟೇ ಇಲ್ಲ. ಒಂದು ಏರಿದಾಗ ಇನ್ನೊಂದು ಇಳಿದರೆ ಸೊನ್ನೆಗಿಂತ ಕೆಳಗೆ.

40 ಮಕ್ಕಳ ಒಂದು ಕ್ಲಾಸು ಇಟ್ಟುಕೊಳ್ಳಿ. ಹತ್ತನೇ ವಿಜ್ಞಾನದ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ, ಜಾಸ್ತಿ ಅಂಕದವರು ಮುಂದೆ. ಮುಂದಿನ 20 ಮಂದಿಯನ್ನು ಗುರುತು ಮಾಡಿ. ಎರಡು ವರ್ಷ ಆದ ಮೇಲೆ ಪಿಯು ಜೀವಶಾಸ್ತ್ರದ ಅಂಕದ ಪ್ರಕಾರ ಅದೇ ಮಕ್ಕಳನ್ನು ಮತ್ತೆ ನಿಲ್ಲಿಸಿ. ಆ 20 ಮಂದಿಯಲ್ಲಿ ಎಷ್ಟು ಜನ ಮುಂದಿನ ಅರ್ಧದಲ್ಲೇ ಇರುತ್ತಾರೆ? ಗುಣಾಂಕ 0 ಆದರೆ 10, ಅಂದರೆ ಚೀಟಿ ಎತ್ತಿದಷ್ಟೇ. ಗುಣಾಂಕ 0.5 ಆದರೆ ಸುಮಾರು 13. ಗುಣಾಂಕ 0.7 ಆದರೆ ಸುಮಾರು 15. ಇದು ಯಾವುದೋ ಕಾಲೇಜಿನ ದಾಖಲೆ ಅಲ್ಲ. ಅಂಕಗಳು ಸಾಮಾನ್ಯ ರೀತಿಯಲ್ಲಿ, ಅಂದರೆ ನಡುವೆ ಜಾಸ್ತಿ, ಎರಡೂ ತುದಿಯಲ್ಲಿ ಕಮ್ಮಿ ಎಂಬಂತೆ ಹರಡಿದ್ದರೆ ಗಣಿತ ಕೊಡುವ ಲೆಕ್ಕ.

0.5 ಎಂಬುದು ಸಣ್ಣ ನಂಟೇನೂ ಅಲ್ಲ. ಆದರೂ 7 ಮಂದಿ ಮುಂದಿನಿಂದ ಹಿಂದಕ್ಕೆ ಹೋದರು. 7 ಮಂದಿ ಹಿಂದಿನಿಂದ ಮುಂದಕ್ಕೆ ಬಂದರು. ಆ ಹಿಂದಿನ 7 ಮಂದಿಗೆ ಮೇ ತಿಂಗಳಲ್ಲೇ "ನಿನ್ನಿಂದ ಆಗುವುದಿಲ್ಲ" ಎಂದು ಹೇಳಿದ್ದರೆ?

71ರ ಹುಡುಗಿಗೆ ಇದನ್ನು ಹಾಕಿ ನೋಡೋಣ. ಎರಡೂ ಪರೀಕ್ಷೆಯಲ್ಲಿ ತರಗತಿಯ ಸರಾಸರಿ 60 ಎಂದೂ, ಮೂರರಲ್ಲಿ ಎರಡು ಪಾಲು ಮಕ್ಕಳು ಸರಾಸರಿಯಿಂದ 15 ಅಂಕದ ಒಳಗೆ ಆಚೆ ಈಚೆ ಇದ್ದಾರೆಂದೂ ಇಟ್ಟುಕೊಳ್ಳಿ. ಗುಣಾಂಕ 0.5. ಅವಳ ಹತ್ತನೇ ಅಂಕ ಗೊತ್ತಿಲ್ಲದಿದ್ದರೆ ನಾನು ಪಿಯು ಅಂಕವನ್ನು 60 ಎಂದು ಊಹಿಸಬೇಕು, 15 ಆಚೆ ಈಚೆ. ಗೊತ್ತಾದ ಮೇಲೆ, ಅವಳು ಸರಾಸರಿಗಿಂತ ಮೇಲಿರುವ 11 ಅಂಕದ ಅರ್ಧವನ್ನು (ಗುಣಾಂಕ 0.5 ಅಲ್ವಾ) ಸೇರಿಸಿ, ಸುಮಾರು 65 ಎಂದು ಊಹಿಸಬಹುದು, 13 ಆಚೆ ಈಚೆ. ಅಂದರೆ 52ರಿಂದ 78ರವರೆಗೆ ಎಲ್ಲಿ ಬೇಕಾದರೂ. ಹಾಗೆ ಹೇಳಿದರೂ ಮೂರರಲ್ಲಿ ಒಂದು ಸಲ ತಪ್ಪುತ್ತೇನೆ. ಅಂಕಪಟ್ಟಿ ಕೈಗೆ ಬಂದದ್ದರಿಂದ ನನ್ನ ಊಹೆಯ ಆಚೆ ಈಚೆ 15ರಿಂದ 13ಕ್ಕೆ ಇಳಿಯಿತು. ಅಷ್ಟೇ. ಈ ಲೆಕ್ಕವನ್ನು ಅವಳ ಅಮ್ಮನಿಗೆ ಕಾಗದದಲ್ಲಿ ಬರೆದು ತೋರಿಸಿದಾಗ ಅವರು ತುಂಬಾ ಹೊತ್ತು ಆ ಎರಡು ಅಂಕಿಗಳನ್ನೇ ನೋಡುತ್ತಾ ಕೂತರು.

98 ತೆಗೆದವರು ಇಳಿದದ್ದು ಯಾಕೆ

"ಹತ್ತರಲ್ಲಿ 98 ಇತ್ತು, ಪಿಯು ಸೇರಿ ಮಗು ಹಾಳಾಯಿತು." ಈ ಮಾತು ಕೇಳದ ಮನೆ ಇಲ್ಲ. ಕೆಲವೊಮ್ಮೆ ಕಾರಣ ಇರುತ್ತದೆ. ಎಷ್ಟೋ ಸಲ ಕಾರಣವೇ ಬೇಕಿಲ್ಲ.

ಒಂದು ದಿನದ ಅಂಕದಲ್ಲಿ ತಿಳಿವಳಿಕೆಯ ಜೊತೆ ಆ ದಿನದ ಅದೃಷ್ಟವೂ ಸೇರಿರುತ್ತದೆ. ಓದಿದ ಪಾಠವೇ ಬಂತು, ತಲೆನೋವು ಇರಲಿಲ್ಲ, ಚಿತ್ರ ಚೆನ್ನಾಗಿ ಕೂತಿತು. ತುಂಬಾ ಮೇಲಿನ ಅಂಕ ತೆಗೆದವರಲ್ಲಿ ಆ ದಿನ ಅದೃಷ್ಟ ಕೈಹಿಡಿದವರು ಜಾಸ್ತಿ. ಮುಂದಿನ ಸಲ ತಿಳಿವಳಿಕೆ ಜೊತೆಗೇ ಬರುತ್ತದೆ, ಅದೃಷ್ಟ ಬರಬೇಕೆಂದಿಲ್ಲ. ಹಾಗಾಗಿ ಮೇಲಿನವರು ಸ್ವಲ್ಪ ಕೆಳಗೆ, ಕೆಳಗಿನವರು ಸ್ವಲ್ಪ ಮೇಲೆ, ಸರಾಸರಿಯ ಕಡೆ ಜರುಗುತ್ತಾರೆ. ಮೇಲಿನ ಲೆಕ್ಕದಲ್ಲಿ 71 ಇದ್ದದ್ದು 65 ಆದದ್ದೂ ಇದರಿಂದಲೇ. ಅದೇ ಲೆಕ್ಕದಲ್ಲಿ 30 ತೆಗೆದ ಮಗುವಿಗೆ ಊಹೆ 45.

ಜೀವಶಾಸ್ತ್ರ ಕಲಿಸಿದವಳಾಗಿ ನನಗೆ ಖುಷಿ ಕೊಡುವ ವಿಷಯ ಒಂದಿದೆ. ಈ ಇಡೀ ವಿಚಾರ ಹುಟ್ಟಿದ್ದೇ ಜೀವಶಾಸ್ತ್ರದಲ್ಲಿ, ಅದೂ ಬಟಾಣಿಯ ಕುಟುಂಬದ ಗಿಡದಲ್ಲಿ! ಚಾರ್ಲ್ಸ್ ಡಾರ್ವಿನ್ನರ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್ 1875ರಲ್ಲಿ ಸ್ವೀಟ್ ಪೀ ಹೂಗಿಡದ ಬೀಜಗಳನ್ನು ಗಾತ್ರದ ಪ್ರಕಾರ ವಿಂಗಡಿಸಿ ಗೆಳೆಯರಿಗೆ ಬೆಳೆಯಲು ಕೊಟ್ಟರು. ದೊಡ್ಡ ಬೀಜದ ಮಕ್ಕಳು ದೊಡ್ಡವೇ, ಆದರೆ ತಾಯಿ ಬೀಜದಷ್ಟು ಅಲ್ಲ. ಸಣ್ಣ ಬೀಜದ ಮಕ್ಕಳು ಸಣ್ಣವೇ, ಆದರೆ ಅಷ್ಟು ಸಣ್ಣ ಅಲ್ಲ. 1886ರಲ್ಲಿ ಅವರು ಮನುಷ್ಯರ ಎತ್ತರದಲ್ಲೂ ಇದನ್ನೇ ತೋರಿಸಿದರು. ನಂತರ ಕಾರ್ಲ್ ಪಿಯರ್ಸನ್ ಗುಣಾಂಕದ ಸೂತ್ರಕ್ಕೆ ಇಂದಿನ ರೂಪ ಕೊಟ್ಟರು.

ಅದೃಷ್ಟದ ಪಾಲನ್ನು ಕಣ್ಣಾರೆ ನೋಡಬೇಕಾದರೆ ಇತ್ತೀಚಿನ ಪರೀಕ್ಷಾ ಪದ್ಧತಿಯನ್ನೇ ನೋಡಿ. 2024, 2025ರಲ್ಲಿ ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಸಿ ಎರಡಕ್ಕೂ ವರ್ಷದಲ್ಲಿ ಮೂರು ಪರೀಕ್ಷೆ ನಡೆದವು. ಅದೇ ಮಗು, ಅದೇ ಪುಸ್ತಕ, ಕೆಲವೇ ವಾರಗಳ ಅಂತರ. ಆದರೂ ಎರಡು ಪರೀಕ್ಷೆಯ ಅಂಕ ಅಪರೂಪಕ್ಕೆ ಒಂದೇ ಆಗಿರುತ್ತದೆ.

ಕಂಬಳದ ಫೈನಲ್

ಕಾಲೇಜಿನ ಉಪನ್ಯಾಸಕರು ಇನ್ನೊಂದು ಮಾತು ಹೇಳುತ್ತಾರೆ. "ನಮ್ಮಲ್ಲಿ ಹತ್ತನೇ ಅಂಕಕ್ಕೂ ಪಿಯು ಅಂಕಕ್ಕೂ ಸಂಬಂಧವೇ ಕಾಣುವುದಿಲ್ಲ." ಅದೂ ನಿಜ. ಕಾರಣ ಬೇರೆ.

ಕಂಬಳದಲ್ಲಿ ಓಡುವ ಎಲ್ಲಾ ಜೋಡಿಗಳನ್ನು ತೆಗೆದುಕೊಂಡರೆ ಮೊದಲ ಸುತ್ತಿನ ಸಮಯ ನೋಡಿ ಯಾರು ಮುಂದೆ ಹೋಗುತ್ತಾರೆ ಎಂದು ಚೆನ್ನಾಗಿ ಹೇಳಬಹುದು. ಫೈನಲ್‌ಗೆ ಬಂದ ಎರಡು ಜೋಡಿಯ ನಡುವೆ ಆ ಸಮಯ ಏನೂ ಹೇಳುವುದಿಲ್ಲ. ಎರಡೂ ವೇಗದ ಕೋಣಗಳೇ. ಅಲ್ಲಿ ಕರೆಯ (ಓಟದ ಕೆಸರುಗದ್ದೆಯ) ನೀರು, ಓಡಿಸುವವನ ಕಾಲು, ಆ ಗಳಿಗೆ ನಿರ್ಧರಿಸುತ್ತದೆ.

ಮಂಗಳೂರು, ಉಡುಪಿಯಲ್ಲಿ ಬೇಡಿಕೆ ಇರುವ ವಿಜ್ಞಾನ ಕಾಲೇಜುಗಳಿಗೆ 90ರ ಮೇಲಿನವರೇ ಬಂದು ಸೇರುತ್ತಾರೆ. 91ಕ್ಕೂ 96ಕ್ಕೂ ನಡುವೆ ಬೇರ್ಪಡಿಸಲು ಉಳಿದಿರುವುದೇ ಕಮ್ಮಿ. ಹಾಗಾಗಿ ಒಳಗೆ ನಿಂತು ನೋಡಿದರೆ ನಂಟು ಸಣ್ಣದಾಗಿ ಕಾಣುತ್ತದೆ. ಇಡೀ ಜಿಲ್ಲೆಯ ಮಕ್ಕಳನ್ನು ಸೇರಿಸಿ ನೋಡಿದರೆ ದೊಡ್ಡದಾಗುತ್ತದೆ. ಎರಡೂ ಸತ್ಯವೇ.

ಜಿಲ್ಲೆಯ ಮಾತು ಬಂತಲ್ಲ. 2025ರಲ್ಲಿ ದ್ವಿತೀಯ ಪಿಯುಸಿಯಲ್ಲಿ ಉಡುಪಿ 93.90 ಶೇಕಡಾದೊಂದಿಗೆ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ 93.57ರೊಂದಿಗೆ ಎರಡನೆಯದು. ಅದೇ ವರ್ಷ ಎಸ್‌ಎಸ್‌ಎಲ್‌ಸಿಯಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಹೆಮ್ಮೆಯ ವಿಷಯ. ಆದರೆ ಅದು ಪಾಸಾದವರ ಪಾಲು. ಒಂದು ಮಗುವಿಗೆ ಜೀವಶಾಸ್ತ್ರ ಎಷ್ಟು ತಿಳಿದಿದೆ ಎಂಬುದಕ್ಕೆ ಅದು ಉತ್ತರ ಅಲ್ಲ.

ಅಂಕಪಟ್ಟಿಯಲ್ಲಿ ಕಾಣದ್ದು: ಭಾಷೆ

ನನ್ನ ಅನುಭವದಲ್ಲಿ ಊಹೆ ಜಾಸ್ತಿ ತಪ್ಪುವುದು ಇಲ್ಲಿ. ಕನ್ನಡ ಮಾಧ್ಯಮದಲ್ಲಿ ಹತ್ತು ಮುಗಿಸಿದ ಮಗು ವಿಜ್ಞಾನದ ಪಿಯುಗೆ ಬಂದರೆ ಪಾಠ ಹೆಚ್ಚಿನ ಕಡೆ ಇಂಗ್ಲಿಷಿನಲ್ಲಿ. ಭೌತಶಾಸ್ತ್ರದಲ್ಲಿ ಸೂತ್ರ, ಅಂಕಿ ಕೈಹಿಡಿಯುತ್ತವೆ. ಜೀವಶಾಸ್ತ್ರದಲ್ಲಿ ತುಂಬಿರುವುದು ಹೆಸರುಗಳು.

'ಪತ್ರರಂಧ್ರ' ಎಂದರೆ ಮಗುವಿಗೆ ಅರ್ಥ ಹೆಸರಲ್ಲೇ ಸಿಗುತ್ತದೆ. ಎಲೆಯಲ್ಲಿರುವ ತೂತು. 'ಸ್ಟೊಮಾಟಾ' ಎಂದಾಗ ಏನೂ ಸಿಗುವುದಿಲ್ಲ. ಅದರ ಮೇಲೆ ಒಂದಿದ್ದರೆ ಸ್ಟೋಮಾ, ಜಾಸ್ತಿ ಇದ್ದರೆ ಸ್ಟೊಮಾಟಾ. 'ದ್ಯುತಿಸಂಶ್ಲೇಷಣೆ' ಫೋಟೋಸಿಂಥೆಸಿಸ್ ಆಗುತ್ತದೆ, 'ಪರಾಗಸ್ಪರ್ಶ' ಪಾಲಿನೇಶನ್ ಆಗುತ್ತದೆ. ವಿಷಯ ಗೊತ್ತಿದ್ದೂ ಕೈ ಎತ್ತದ ಮಕ್ಕಳನ್ನು ನಾನು ವರ್ಷ ವರ್ಷ ನೋಡಿದ್ದೇನೆ. ಮೊದಲ ಕಿರುಪರೀಕ್ಷೆಯಲ್ಲಿ ಅವರ ಅಂಕ ಕುಸಿಯುತ್ತದೆ. ಹೆಸರುಗಳು ಪಳಗಿದ ಮೇಲೆ ಅದೇ ಮಕ್ಕಳು ಏರುತ್ತಾರೆ. ಹತ್ತನೇ ಅಂಕ ಈ ಇಳಿತವನ್ನೂ ಹೇಳುವುದಿಲ್ಲ, ಏರಿಕೆಯನ್ನೂ ಹೇಳುವುದಿಲ್ಲ.

ಪರೀಕ್ಷೆಯ ರೂಪವೂ ಬದಲಾಗುತ್ತದೆ. ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ 70 ಲಿಖಿತ, 30 ಪ್ರಾಯೋಗಿಕ. ನೀಟ್‌ನಲ್ಲಿ 720ರಲ್ಲಿ 360 ಅಂಕ ಜೀವಶಾಸ್ತ್ರದ್ದೇ. ಅದೂ ಬಹು ಆಯ್ಕೆಯ ಪ್ರಶ್ನೆ, ತಪ್ಪಿದರೆ ಒಂದು ಅಂಕ ಹೋಗುತ್ತದೆ. ಚಿತ್ರ ಬಿಡಿಸಿ ಅಂಕ ತೆಗೆದ ಮಗುವಿಗೆ ಅಲ್ಲಿ ಚಿತ್ರ ಬಿಡಿಸಲು ಜಾಗವೇ ಇಲ್ಲ.

ಹಾಗಾದರೆ ಏನನ್ನು ನೋಡಬೇಕು

ಒಟ್ಟು ಅಂಕಕ್ಕಿಂತ ಉತ್ತರಪತ್ರಿಕೆ ಜಾಸ್ತಿ ಹೇಳುತ್ತದೆ. ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಯನ್ನು ಪರೀಕ್ಷಾ ಮಂಡಳಿ ಕೊಡುತ್ತದೆ. ಅಷ್ಟು ಸಮಯ ಇಲ್ಲದಿದ್ದರೆ ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆ ಸಾಕು. ಜೀವಶಾಸ್ತ್ರ ಭಾಗದಲ್ಲಿ ಎಷ್ಟು ಹೋಗಿದೆ ನೋಡಿ. ಹೇಗೆ ಹೋಗಿದೆ ಎಂದೂ ನೋಡಿ. ಹೆಸರು ಮರೆತು ಹೋದ ಅಂಕ ಬೇರೆ, 'ಯಾಕೆ' ಎಂಬ ಪ್ರಶ್ನೆಗೆ ಉತ್ತರ ಬಾರದೆ ಹೋದ ಅಂಕ ಬೇರೆ. ಮೊದಲನೆಯದು ಎರಡು ತಿಂಗಳ ಕೆಲಸ. ಎರಡನೆಯದಕ್ಕೆ ಒಂಬತ್ತನೇ ಪುಸ್ತಕ ಮತ್ತೆ ತೆರೆಯಬೇಕು. ಒಂದೇ ಪರೀಕ್ಷೆಯ ಬದಲು ಒಂಬತ್ತು, ಹತ್ತರ ನಾಲ್ಕೈದು ಪರೀಕ್ಷೆ ಜೊತೆಗಿಟ್ಟು ನೋಡಿದರೆ ಅದೃಷ್ಟದ ಪಾಲು ತೆಳ್ಳಗಾಗುತ್ತದೆ.

ಪಕ್ಕದ ಮನೆಯ ಹುಡುಗಿಯ ಪೂರ್ವಸಿದ್ಧತಾ ಪತ್ರಿಕೆ ಮನೆಯಲ್ಲೇ ಇತ್ತು. ಓಡಿಹೋಗಿ ತಂದಳು. ಕಳೆದುಕೊಂಡ 28 ಅಂಕದಲ್ಲಿ 15 ಭೌತಶಾಸ್ತ್ರ, 8 ರಸಾಯನಶಾಸ್ತ್ರ. ಜೀವಶಾಸ್ತ್ರದಲ್ಲಿ ಹೋದದ್ದು 5, ಹೆಚ್ಚಿನವು ಹೆಸರಿನ ತಪ್ಪು. ಮೆಂಡಲನ ಚೌಕ ಸರಿಯಾಗಿತ್ತು. ನನ್ನ ಹಳೆಯ ಪ್ರಶ್ನೆ ಕೇಳಿದೆ. ಯಾಕೆ ಒಂದೇ ಟಿ? ಸ್ವಲ್ಪ ಯೋಚಿಸಿ ಹೇಳಿದಳು: "ಎರಡೂ ಹೋದರೆ ಮಗು ಗಿಡದಲ್ಲಿ ನಾಲ್ಕು ಆಗ್ತದಲ್ವಾ? ಅದರ ಮಗುವಿನಲ್ಲಿ ಎಂಟು. ಹಾಗೇ ಹೋದರೆ ಮುಗಿಯುವುದೇ ಇಲ್ಲ."

ಪಿಸಿಎಂಬಿಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಇವೆ, ಅಲ್ಲಿ ಕಷ್ಟ ಪಡಬೇಕಾಗುತ್ತದೆ ಎಂದು ಅಮ್ಮನಿಗೆ ನೇರವಾಗಿ ಹೇಳಿದೆ. ಜೀವಶಾಸ್ತ್ರದ ಬಗ್ಗೆ ಕೇಳಿದ್ದಕ್ಕೆ ಮಾತ್ರ "ಧೈರ್ಯವಾಗಿ ತೆಗೆದುಕೊಳ್ಳಲಿ" ಎಂದೆ.

ಜುಲೈಯಲ್ಲಿ ಒಂದು ದಿನ ಮಳೆಗೆ ರಜೆ. ತೋಟದಲ್ಲಿ ಹೂ ಕಮ್ಮಿ. ಅವಳು ನೋಟುಪುಸ್ತಕ ಹಿಡಿದು ಬಂದಳು. ಪುಟದ ನಡುವೆ ಗೆರೆ ಎಳೆದು ಎಡಗಡೆ ಕನ್ನಡದ ಹೆಸರು, ಬಲಗಡೆ ಇಂಗ್ಲಿಷಿನದ್ದು ಬರೆದುಕೊಂಡಿದ್ದಳು. ಕಿರುಪರೀಕ್ಷೆಯಲ್ಲಿ ಅಂಕ ಕಮ್ಮಿ ಬಂದಿತ್ತು. ಅದರ ಬಗ್ಗೆ ಹೇಳಲು ಬಂದಳು ಅಂದುಕೊಂಡೆ. ಅವಳು ಕೇಳಿದ್ದು ಬೇರೆ. "ನಾವು ಮಲ್ಲಿಗೆಯ ಬೀಜ ಬಿತ್ತುವುದೇ ಇಲ್ಲ. ಗೆಲ್ಲು ಕಡಿದು ನೆಡುವುದು. ಹಾಗಾದರೆ ನಮ್ಮ ತೋಟದಲ್ಲಿರುವುದೆಲ್ಲ ಒಂದೇ ಗಿಡವಾ?"